ಇಲ್ಲ ಇಲ್ಲ, ಇದೆ

ಎದುರಿಗೆ ಬಂದು ನಿಂತ ಹೆಂಗಸಿನ ಬಾಯಿ ಏನೋ ಅನ್ನುತ್ತಿದೆ, ಟ್ರಾಮಿನ ಗಂಟೆಯ ಸದ್ದಿನಲ್ಲಿ ಕೊನೆಯ ತುಂಡು ಮಾತ್ರ ಕಿವಿಗೆ ಬಿತ್ತು, ಇಲ್ಲಿ ಯಾರೂ ಇಲ್ವಾ, ನನ್ನ ಪಕ್ಕದ ಸೀಟು ತೋರಿಸಿ ಕೇಳುತ್ತಿದ್ದಾಳೆ, ವುಯಿ ಅಂದೆ, ಹೌದು, ಯಾರೂ ಇಲ್ಲ, ಕೂತುಕೋ ತಾಯಿ ಅಂತ ತಾನೇ ಅದರ ಅರ್ಥ — ಆದರೆ ಅವಳು ಓ, ಕ್ಷಮಿಸಿ ಅಂದು ಕೈಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲ ಹತ್ತಿರ ಹೋಗಿ ಕಂಬ ಹಿಡಿದು ನಿಂತಳು, ನನ್ನ ಪಕ್ಕದಲ್ಲಿ ಯಾರೋ ಇದ್ದಾರೆ, ಈಗ ಬಂದುಬಿಡುತ್ತಾರೆ ಅಂದುಕೊಂಡಿರಬೇಕು, ನಿಂತಲ್ಲಿಂದಲೇ ಒಮ್ಮೆ ಈ ಖಾಲಿ ಸೀಟನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದಾಳೆ. ನೋಡಿದೆಯಾ ಚಿಗುಸಾ, ಮತ್ತೆ ಮಾಡಿದೆ, ಇವತ್ತೂ ಮಾಡಿದೆ, ಯಾವುದನ್ನು ತಿದ್ದಲು ಹೊರಟಿದ್ದೀಯೋ ದಾರಿಯಲ್ಲೇ ಅದನ್ನು ಮಾಡಿದೆ. ಎದ್ದು ಹೋಗಿ ಕರೆಯಲೇ, ಬನ್ನಿ, ಯಾರೂ ಇಲ್ಲ, ಯಾರೂ ಬರುವುದಿಲ್ಲ, ಒಂಬತ್ತು ವರ್ಷದಿಂದ ಈ ಸೀಟು ಹೀಗೇ ಇದೆ ಎನ್ನಲೇ — ಬೇಡ, ತೊಡೆಯ ಮೇಲೆ ಪೆಟ್ಟಿಗೆ ಇದೆ, ಅದರೊಳಗೆ ಕಸ್ಟರ್ಡ್ ಅಲುಗಾಡುತ್ತಿದೆ, ಮದಾಮ್ ಪುಪಿನೋ ಈಗ ಅಗಿಯಲಾರರು, ನಾಲಿಗೆಯ ಮೇಲೆ ತಾನೇ ಕರಗುವಂಥದ್ದು ಬೇಕು, ಬೆಳಿಗ್ಗೆ ನಾನು ಕೆಲಸ ಮಾಡುವ ಕೇಕಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನೇ ಮಾಡಿದ್ದು. ಸೇತುವೆ ಬಂತು, ಕೆಳಗೆ ಲ್ವಾರ್ ನದಿ ಮರಳು ದಿಬ್ಬಗಳ ನಡುವೆ ಸೋಮಾರಿಯಾಗಿ ಬಿದ್ದುಕೊಂಡಿದೆ. ಅವರ ಸಂಬಂಧಿ ಮೊಸ್ಯೂ ತಿಬೋ ಅಷ್ಟರಲ್ಲಿ ಬಂದು ಅವರನ್ನು ಕಾರಿಗೆ ಹತ್ತಿಸಿದ್ದರೆ, ಲೀಲ್‌ಗೆ ಹೊರಟುಬಿಟ್ಟಿದ್ದರೆ, ಆಮೇಲೆ ನಾನು ಈ ಕಸ್ಟರ್ಡ್ ಹಿಡಿದುಕೊಂಡು ಏನು ಮಾಡಲಿ.

ಎಷ್ಟು ದಿನ ಬೇಕು ಆ ಭಾಷೆ ಬರೋಕೆ, ಹೊರಡುವ ಮುಂಚೆ ಜಪಾನಿನ ಯೊನಾಗೊದ ಮನೆಯಲ್ಲಿ ಮೀನಿನ ಮುಳ್ಳು ಬಿಡಿಸುತ್ತ ಅಮ್ಮ ಕೇಳಿದ್ದಳು, ಆರು ತಿಂಗಳು ಅಲ್ಲೇ ಇದ್ಬಿಟ್ರೆ ನೀರು ಕುಡಿದ ಹಾಗೆ ಬರುತ್ತೆ ಅಂದಿದ್ದರು ಸಂಜೆ ತರಗತಿಯ ಮೇಷ್ಟ್ರು, ಅವರು ಫ್ರಾನ್ಸಿನಲ್ಲಿ ಇದ್ದದ್ದು ಒಂದೇ ವಾರ, ಅದೂ ಬಸ್ಸಿನಲ್ಲಿ. ತೂರ್‌ಗೆ ಹೋಗು, ಅಲ್ಲಿಯ ಫ್ರೆಂಚ್ ಕಲಬೆರಕೆ ಇಲ್ಲದ್ದು ಅಂದವರೂ ಅವರೇ, ಬಂದೆ, ಇಲ್ಲಿ ಬಂದು ನನ್ನ ಜೊತೆ ಮೊದಲು ಬಾಯಿಬಿಟ್ಟು ಮಾತಾಡಿದವಳು ಡಕಾರ್‌ನ ಕುಂಬಾ, ಅಂಗಡಿಯಲ್ಲಿ ಪಾತ್ರೆ ಬಟ್ಟಲುಗಳ ರಾಶಿಯ ಹಿಂದಿನಿಂದ. ಆಮೇಲೆ ಒಬ್ಬೊಬ್ಬರದು ಒಂದೊಂದು ಲೆಕ್ಕ, ಶಾಲೆಯವರು ಎರಡು ವರ್ಷ ಅಂದರು, ಬ್ರೆಜಿಲ್‌ನ ಸಹಪಾಠಿ ಒಬ್ಬ ಕನಸು ಬಿದ್ದ ದಿನ ಬಂತು ಅಂದುಕೋ ಅಂದ, ಕುಂಬಾ ನಕ್ಕು, ಕನಸು ಯಾವ ನಾಯಿಗಾದ್ರೂ ಬೀಳುತ್ತೆ ಕಣೇ, ಕಾಲಿಗೆ ಬಿಸಿ ತಟ್ಟೆ ಬಿದ್ದಾಗ ಯಾವ ಭಾಷೇಲಿ ಬೈತೀಯ ನೋಡು, ಅದು ನಿಂದು ಅಂದಳು. ತಟ್ಟೆ ಬಿತ್ತು, ಒಂದಲ್ಲ ಹಲವು ಸಲ, ನಾನು ಯಾವ ಭಾಷೆಯಲ್ಲೂ ಬೈಯಲಿಲ್ಲ, ಕ್ಷಮಿಸಿ ಅಂದೆ, ತಟ್ಟೆಗೆ. ಪರೀಕ್ಷೆ ಪಾಸಾಗಿದೆ, ಫ್ರೆಂಚ್ ಬರುತ್ತದೆ ಎಂದು ಸರ್ಕಾರವೇ ಬರೆದುಕೊಟ್ಟಿದೆ, ಬರೆದುಕೊಟ್ಟರೆ ಆಯಿತೇ, ಮೊದಲ ಚಳಿಗಾಲದಲ್ಲಿ ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದರೆ ಮಂಗಳವಾರದ ತನಕ ನನ್ನ ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮತ್ತು ಹಲ್ಲುಜ್ಜಲು, ಸೋಮವಾರ ಎರಡೆರಡು ಸಲ ಬ್ರೆಡ್ ಕೊಳ್ಳಲು ಹೋಗುತ್ತಿದ್ದೆ, ಹಸಿವಿಗಲ್ಲ, ಬೋಂಜೂರ್ ಅನ್ನಲು, ಇನ್ನೊಬ್ಬರಿಂದ ಅನ್ನಿಸಿಕೊಳ್ಳಲು. ಅಮ್ಮ ಫೋನಿನಲ್ಲಿ ಬೇಜಾರೇನೂ ಇಲ್ಲ ತಾನೇ ಅಂತ ಕೇಳುವಳು, ಹೂಂ ಅನ್ನುವೆ, ಹೂಂ ಅಂದರೆ ಇಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು, ಅದು ಸುಳ್ಳು ಎಂದೂ ಇಬ್ಬರಿಗೂ ಗೊತ್ತು. ಈಗ ಅವಳು, ಏನೇ, ನಮ್ಮ ಮಾತನ್ನೂ ಹೊರಗಿನೋಳ ಥರ ಆಡ್ತೀಯ ಅನ್ನುತ್ತಾಳೆ. ಅಲ್ಲಿಯದು ಸವೆಯಿತು, ಇಲ್ಲಿಯದು ಕೂರಲಿಲ್ಲ, ಅತ್ತ ದರಿ ಇತ್ತ ಪುಲಿ, ನಡುವೆ ಮದಾಮ್ ಪುಪಿನೋ ಅವರ ಅಡುಗೆಮನೆಯ ಮೇಜು.

ಮೇಲಿನ ಕೋಣೆ ಬಾಡಿಗೆಗೆ ಇದೆ ಎಂದು ಕೇಳಿ ಹೋದಾಗ ಅವರು ನನ್ನ ಮುಖ ನೋಡಲಿಲ್ಲ, ಕೋಟಿನ ಗುಂಡಿ ನೋಡಿದರು, ಜೀವಮಾನವೆಲ್ಲ ಗುಂಡಿ, ದಾರ, ರಿಬ್ಬನ್ನಿನ ಅಂಗಡಿ ನಡೆಸಿದವರು, ಎರಡನೇದು ಸಡಿಲ ಆಗಿದೆ, ಬಿಚ್ಚಿ ಕೊಡಿ ಅಂದರು, ಹೊಲಿದುಕೊಡುತ್ತಲೇ ಷರತ್ತು ಹಾಕಿದರು, ರಾತ್ರಿ ಊಟ ಕೆಳಗೆ ನನ್ನ ಜೊತೆ, ಊಟದ ಜೊತೆ ಮಾತು, ಗಂಡ ಹೋದ ಮೇಲೆ ಈ ಮನೇಲಿ ಚಮಚದ ಸದ್ದು ಕೇಳಿ ಕೇಳಿ ಸಾಕಾಗಿದೆ. ನನ್ನ ಹೆಸರು ಹೇಳಿದೆ, ಶಿಗ್ಯೂಜಾ ಅಂದರು, ಚಿಗುಸಾ ಅಂದೆ, ಅದೇ, ಶಿಗ್ಯೂಜಾ ಅಂದರು, ಅಲ್ಲಿಗೆ ಮುಗಿಯಿತು, ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಅವರೊಬ್ಬರೇ, ಅದೂ ತಪ್ಪು ಹೆಸರು, ಆದರೂ ಮೆಟ್ಟಿಲ ಕೆಳಗಿನಿಂದ ಆ ತಪ್ಪು ಹೆಸರು ಬಂದರೆ ಎಷ್ಟು ಖುಷಿಯಾಗುತ್ತಿತ್ತು. ಒಮ್ಮೆಯೂ ನೀನು ಅನ್ನಲಿಲ್ಲ, ಬೈಯುವಾಗಲೂ ನೀವು, ಶಿಗ್ಯೂಜಾ, ನೀವು ಸೂಪು ಕುಡೀತೀರೋ ಅದಕ್ಕೆ ನಮಸ್ಕಾರ ಮಾಡ್ತೀರೋ, ತಲೆ ಆಡಿಸ್ಬೇಡಿ, ಅದು ಕುದುರೆ ಮಾಡೋ ಕೆಲಸ, ಬಾಯಿ ಬಿಡಿ. ಮೊದಲನೇ ವಾರವೇ ಇರಬೇಕು, ನಿಮಗೆ ಹಸಿವಿಲ್ವಾ ಅಂತ ಕೇಳಿದರು, ನೋಂ ಅಂದೆ, ನಮ್ಮ ಕಡೆ ಅದು ಮರ್ಯಾದೆಯ ಉತ್ತರ, ಇಲ್ಲ ಇಲ್ಲ, ಇದೆ, ಇಲ್ಲ ಅಂದಿದ್ದು ನಿಮ್ಮ ಅನುಮಾನಕ್ಕೆ, ಹಸಿವಿಗಲ್ಲ — ಇದೆ ಅನ್ನುವ ತುಂಡು ಬಾಯಿಗೆ ಬರುವ ಮುಂಚೆ ಅವರು ಪಾತ್ರೆ ಮುಚ್ಚಿ ಒಳಗಿಟ್ಟರು, ನಾನು ಹೊಟ್ಟೆ ಹಿಡಿದುಕೊಂಡು ಮಲಗಿದೆ, ಮಾರನೇ ದಿನವೂ ಅದೇ ಪ್ರಶ್ನೆ ಅದೇ ನೋಂ, ಅಷ್ಟರಲ್ಲಿ ನನ್ನ ಹೊಟ್ಟೆ ಮೇಜಿಗೆಲ್ಲ ಕೇಳುವ ಹಾಗೆ ಗುರ್ ಅಂದಿತು. ಅಯ್ಯೋ ಪುಣ್ಯಾತ್ಗಿತ್ತಿ, ನಿಮ್ಮ ಬಾಯಿ ಸುಳ್ಳು, ಹೊಟ್ಟೆ ನಿಜ, ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆವತ್ತೇ ಸಿ ಕಲಿಸಿದ್ದು. ವುಯಿ ಅಂದ್ರೆ ಹೌದು, ನೋಂ ಅಂದ್ರೆ ಇಲ್ಲ, ಅದು ಮಕ್ಕಳಿಗೂ ಗೊತ್ತು, ಆದ್ರೆ ಯಾರಾದ್ರೂ ಇಲ್ವಾ, ಬರಲ್ವಾ, ಬೇಡ್ವಾ ಅಂತ ಕೇಳಿದ್ರೆ, ನಿಮಗೆ ಇದೆ, ಬರ್ತೀನಿ, ಬೇಕು ಅನ್ನೋದಿದ್ರೆ, ಅದಕ್ಕೊಂದು ಬೇರೆ ಮಾತಿದೆ, ಸಿ, ಎದುರಿನವರು ಇಲ್ಲ ಅಂತ ಗೋಡೆ ಕಟ್ಟಿದಾರೆ, ಅದನ್ನ ಒದ್ದು ಬೀಳ್ಸೋ ಮಾತು ಅದು. ಹೇಗೆ ಅನ್ನಬೇಕೆಂದು ಬಾಯಲ್ಲೇ ತೋರಿಸಿದರು, ಸಿಗೆ ತುಟಿ ಅಗಲ, ಹಲ್ಲಿನಲ್ಲಿ ದಾರ ಕಡಿಯುವ ಹಾಗೆ, ನೋಂಗೆ ತುಟಿ ಗುಂಡಗೆ, ಬಿಸಿ ಸೂಪು ಊದುವ ಹಾಗೆ, ಸದ್ದಿಲ್ಲದೆ ಆಕಾರ ಹಿಡಿದು ಹಾಗೇ ಕಾಯುತ್ತಿದ್ದರು, ನನ್ನ ಬಾಯಿ ಅದೇ ಆಕಾರಕ್ಕೆ ಬರುವ ತನಕ, ಸೂಪು ಆರಿದರೂ ಸರಿ. ಆಮೇಲೆ ದಿನಾ ಪರೀಕ್ಷೆ, ನಾಳೆ ಕೆಲಸಕ್ಕೆ ಹೋಗಲ್ವಾ, ಸಿ, ನಿಮಗೆ ಅಮ್ಮ ಇಲ್ವಾ, ಸಿ, ನಿಮಗೆ ಗಂಡ ಇಲ್ವಾ, ವುಯಿ — ತಪ್ಪು, ನೋಂ, ಇಲ್ಲದ ಗಂಡನಿಗೂ ಎಂಥ ವ್ಯಾಕರಣ. ಕಾದು ಕೂತಾಗ ಸಿ ಸರಿಯಾಗಿ ಬರುತ್ತಿತ್ತು, ಮೈಮರೆತಾಗ ಹಳೆಯ ನೋಂ ಮುಂದೆ ಹಾರುತ್ತಿತ್ತು. ನನಗೆ ಯಾವಾಗ ಬರುತ್ತೆ ಮದಾಮ್ ಎಂದು ಅತ್ತಿದ್ದೆ ಒಂದು ದಿನ, ಎಂಬತ್ತು ದಾಟಿದೆ, ನಂಗೇ ಇನ್ನೂ ಪೂರ್ತಿ ಬಂದಿಲ್ಲ, ನೀವು ಸೂಪು ಕುಡೀರಿ ಅಂದರು.

ಬಂದದ್ದೂ ಹೋಗಬಹುದು ಎಂದು ಆಗ ಇಬ್ಬರಿಗೂ ಹೊಳೆದಿರಲಿಲ್ಲ. ಏಪ್ರಿಲ್‌ನ ಒಂದು ಬೆಳಿಗ್ಗೆ, ಕೆಳಗಿನಿಂದ ಕರೆ ಬರಲಿಲ್ಲ, ಇಳಿದು ಬಂದರೆ ಅಡುಗೆಮನೆಯಲ್ಲಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಾರೆ, ಬಾಯಿ ಒಂದು ಕಡೆಗೆ ಜಾರಿದೆ, ನನ್ನನ್ನು ನೋಡಿ ಏನೋ ಹೇಳಿದರು, ಗುರುವಾರ ಅಂದರು, ಅವತ್ತು ಸೋಮವಾರ, ನಾನು ಪೆದ್ದಿ, ಇಲ್ಲ ಮದಾಮ್, ಸೋಮವಾರ ಎಂದು ಅವರನ್ನು ತಿದ್ದಿದೆ. ಲಕ್ವ, ಮಾತಿನ ಮನೆಗೇ ಹೊಡೆದಿದೆ ಅಂದರು ಆಸ್ಪತ್ರೆಯವರು. ಈಗ ಅವರಲ್ಲಿ ಉಳಿದಿರುವ ಮಾತು ಗುರುವಾರ ಮತ್ತು ನೋಂ, ಅಪರೂಪಕ್ಕೊಂದು ವುಯಿ, ಬಟ್ಟಲು ತೋರಿಸಿದರೆ ಗುರುವಾರ, ಚಮಚ ತೋರಿಸಿದರೆ ಗುರುವಾರ, ಕಿಟಕಿಯಾಚೆಯ ಪಾರಿವಾಳ ಗುರುವಾರ, ನಾನೂ ಗುರುವಾರವೇ, ಶಿಗ್ಯೂಜಾ ಕೂಡ ಹೋಯಿತು. ಕೇಳಿದ್ದೆಲ್ಲ ಅವರಿಗೆ ಅರ್ಥ ಆಗುತ್ತೆ, ಹೇಳಬೇಕಾದ್ದು ದಾರಿ ತಪ್ಪುತ್ತೆ ಅಂದಳು ಅಲ್ಲಿ ಮಾತಿನ ಚಿಕಿತ್ಸೆ ಕೊಡುವ ಹುಡುಗಿ, ನೋಂ ಅಂದ್ರೆ ವುಯಿ ಇರಬಹುದು, ವುಯಿ ಅಂದ್ರೆ ನೋಂ ಇರಬಹುದು, ಮಾತು ನಂಬಬೇಡಿ, ಕಣ್ಣು ನೋಡಿ — ನನಗೆ ನಗು ಬಂತು, ಅಳುವೂ ಬಂತು, ಇಷ್ಟು ವರ್ಷ ಮದಾಮ್ ನನ್ನನ್ನು ಓದಿದ್ದು ಹಾಗೇ ಅಲ್ಲವೇ. ಪ್ರತಿ ಭಾನುವಾರ ಈಗ ನಾನು ಮೇಷ್ಟರಮ್ಮ, ಇದು ಚಮಚ ಮದಾಮ್, ಚ-ಮ-ಚ, ಅವರ ಮುಂದೆ ನನ್ನ ತುಟಿಯನ್ನು ಆಕಾರಕ್ಕೆ ತಂದು ಹಿಡಿದು ಕಾಯುತ್ತೇನೆ, ಅವರ ತುಟಿ ನಡುಗುತ್ತ ಹುಡುಕುತ್ತದೆ, ಗುಂಡಗಾಗುತ್ತದೆ, ಅಗಲವಾಗುತ್ತದೆ, ಗುರುವಾರ ಅನ್ನುತ್ತದೆ, ತಪ್ಪಾಯಿತೆಂದು ಅವರಿಗೇ ತಿಳಿದು ಕಣ್ಣು ತುಂಬುತ್ತದೆ. ಸಂಜೆ ಮನೆಗೆ ಬಂದು ಸೂಪು ಕಾಯಿಸಿಕೊಂಡು ಅವರ ಕುರ್ಚಿಯ ಎದುರು ಕೂರುತ್ತೇನೆ, ಊದುತ್ತೇನೆ, ಹಸಿವಿಲ್ವಾ ಎಂದು ನಾನೇ ಕೇಳಿಕೊಂಡು ಸಿ ಎಂದು ನಾನೇ ಹೇಳುತ್ತೇನೆ. ಚಮಚದ ಸದ್ದು ಅಂದರೆ ಏನೆಂದು ಈಗ ಗೊತ್ತಾಯಿತು.

ನಿನ್ನೆ ಸಂಜೆ ಫೋನ್ ಬಂತು, ಮೊಸ್ಯೂ ತಿಬೋ, ಮದಾಮ್ ಅವರ ಅಣ್ಣನ ಮಗ, ಲೀಲ್‌ನಲ್ಲಿ ಇರುವವರು, ಒಳ್ಳೆಯ ಮನುಷ್ಯ, ಮಾತು ಮಾತ್ರ ಓಡುವ ರೈಲು. ಫೋನ್ ಅಂದರೆ ನನಗೆ ಪ್ರಾಣಭಯ, ತುಟಿ ಕಾಣುವುದಿಲ್ಲ, ಆದರೂ ನಿನ್ನೆ ಒಂದೊಂದು ಮಾತೂ ತಿಳಿಯಿತು, ಅತ್ತೇನ ಇನ್ನು ಆಸ್ಪತ್ರೇಲಿ ಇಟ್ಕೊಳಲ್ವಂತೆ, ಮನೇಲಿ ಯಾರಾದ್ರೂ ಜೊತೆಗಿದ್ರೆ ಮನೆಗೇ ಕಳಿಸ್ಬಹುದು, ಬೆಳಿಗ್ಗೆ ನರ್ಸ್ ಬಂದು ಹೋಗ್ತಾರೆ, ಇಲ್ದಿದ್ರೆ ನಮ್ಮೂರಲ್ಲಿ ಒಂದು ವೃದ್ಧಾಶ್ರಮ ನೋಡಿದೀನಿ, ನಾಳೆ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ, ನಿಮ್ಮನ್ನ ಕೇಳೋದು ತಪ್ಪೇನೋ, ನಿಮಗೂ ನಿಮ್ಮ ಬದುಕಿದೆ, ಅವರ ಜೊತೆ ಇದ್ದು ನೋಡ್ಕೊಳ್ಳೋ ಮನಸ್ಸು ನಿಮಗಿಲ್ಲ, ಅಲ್ವಾ? ನನ್ನ ಎದೆ ಬಾಯಿಗೆ ಬಂತು, ಬಾಯಿಗೆ ಬಂದದ್ದು ಯೊನಾಗೊದ್ದು, ನೋಂ, ನೋಂ ನೋಂ, ಹಾಗೇನಿಲ್ಲ! — ಇಲ್ಲ ಇಲ್ಲ, ಇದೆ, ಇರುತ್ತೇನೆ, ಯಾಕೆ ಇರುವುದಿಲ್ಲ — ಹಾಗೇನಿಲ್ಲ ಅನ್ನಲು ನಾನು ಎತ್ತಿಕೊಂಡ ಫ್ರೆಂಚ್ ಮಾತು ಅವರ ಕಿವಿಗೆ ಸುತರಾಂ ಇಲ್ಲ ಅಂತ ಕೇಳಿಸುತ್ತದಂತೆ. ಉಳಿದದ್ದನ್ನು ಜೋಡಿಸುವ ಮುಂಚೆ ಅವರು ಅರ್ಥ ಆಗುತ್ತೆ, ಅರ್ಥ ಆಗುತ್ತೆ, ನೇರವಾಗಿ ಹೇಳಿದ್ರಿ, ಒಳ್ಳೇದಾಯ್ತು ಅಂದರು, ಅರ್ಥವಾಗಿದೆ ಎಂದು ನಾನೂ ನಂಬಿದೆ, ಫೋನಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ, ಒಂದು ಸಲವೂ ಇನ್ನೊಮ್ಮೆ ಹೇಳಿ ಎನ್ನದೆ ಫ್ರೆಂಚಿನಲ್ಲಿ ಫೋನ್ ಮುಗಿಸಿದ್ದು ಜೀವನದಲ್ಲಿ ಅದೇ ಮೊದಲು, ಹಿಗ್ಗಿ ಹೀರೇಕಾಯಿಯಾಗಿ ಮದಾಮ್ ಅವರ ಹಾಸಿಗೆಯ ಹೊದಿಕೆಗಳನ್ನು ಬಿಸಿಲಿಗೆ ಹಾಕಲು ತೆಗೆದಿಟ್ಟೆ, ಬೆಳಿಗ್ಗೆ ಹಾಡು ಗುನುಗುತ್ತ ಕೆಲಸಕ್ಕೆ ಹೋದೆ. ಏನೇ ಇವತ್ತು, ಮದುವೆ ಗೊತ್ತಾಯ್ತಾ ಅಂದಳು ಕುಂಬಾ, ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಅವರು ಏನು ಕೇಳಿದರು, ನಾನು ಏನಂದೆ, ಅವಳು ಮೊದಲು ಹಿಟ್ಟಿನ ಚೀಲದ ಮೇಲೆ ಬಿದ್ದು ನಕ್ಕಳು, ಅಯ್ಯೋ ಹುಚ್ಚಿ, ಹುಚ್ಚಿ ನೀನು, ನೋಡ್ಕೊಳಲ್ಲ ಅಂದಿದೀಯ ಕಣೇ, ಸಾಯ್ಲಿ ಮುದುಕಿ ಅಂದ ಹಾಗೆ ಅಂದಿದೀಯ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ಒದ್ದೆ ಕೈಯಿಂದಲೇ ನನ್ನ ಕೆನ್ನೆ ಹಿಡಿದುಕೊಂಡಳು, ಓಡು, ಫೋನ್ ಮಾಡು. ಮಾಡಿದೆ, ಯಂತ್ರ ಎತ್ತಿಕೊಂಡಿತು, ಅವರು ಕಾರು ಓಡಿಸುತ್ತಿರಬೇಕು, ಕೀಂ ಅಂದ ಮೇಲೆ ಮಾತಾಡಿ ಅಂದಿತು, ಕೀಂ ಅಂದಿತು, ನಾನು ಬೋಂಜೂರ್ ಅಂದೆ, ಆಮೇಲೆ ನನ್ನ ಉಸಿರಿನ ಸದ್ದನ್ನು ಮಾತ್ರ ಕೊಟ್ಟು ಇಟ್ಟುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ಒಂದೇ ಒಂದು ಮಾತು, ಅದಕ್ಕೆ ಒಂದು ಮನೆ, ಒಂದು ಮೇಜು, ನನ್ನವರೆಂಬ ಒಬ್ಬರು ಹೋಗುವುದೇ, ನನಗೆ ಈ ಊರಲ್ಲಿ ಅವರನ್ನು ಬಿಟ್ಟರೆ ಯಾರಿದ್ದಾರೆ, ಅವರಿಗೂ ಲೀಲ್‌ನಲ್ಲಿ ಗುರುವಾರ ಅಂದರೆ ಚಮಚ ಎಂದು ಯಾರಿಗೆ ಗೊತ್ತಾಗುತ್ತದೆ.

ನಿಲ್ದಾಣ, ಇಳಿದೆ, ಖಾಲಿ ಸೀಟು ಮುಂದಕ್ಕೆ ಹೋಯಿತು, ಇಳಿಜಾರು, ಮಲ್ಬೆರಿ ಮರ, ಆಸ್ಪತ್ರೆಯ ಗೇಟಿನ ಒಳಗೆ ನೀಲಿ ಕಾರು ನಿಂತಿದೆ, ಹಿಂಬದಿ ತೆರೆದಿದೆ, ಒಳಗೆ ಮದಾಮ್ ಅವರ ಚೌಕಳಿ ಪೆಟ್ಟಿಗೆ — ಇದ್ದಾರೆ, ಇನ್ನೂ ಇದ್ದಾರೆ, ಹಜಾರದಲ್ಲಿ ಗಾಲಿಕುರ್ಚಿಯಲ್ಲಿ ಕೂರಿಸಿದ್ದಾರೆ, ಕೋಟು ಹಾಕಿದ್ದಾರೆ, ಗುಂಡಿ ಒಂದಕ್ಕೊಂದು ತಪ್ಪಿಸಿ ಹಾಕಿದ್ದಾರೆ, ಅಯ್ಯೋ ಯಾರು ಹಾಕಿದ್ದು, ಗುಂಡಿಯಂಗಡಿಯ ಮದಾಮ್ ಪುಪಿನೋ ಅವರಿಗೆ ಹೀಗೆ ಹಾಕಬಹುದೇ. ಮೊಸ್ಯೂ ತಿಬೋ ಎದ್ದು ನಿಂತರು, ಕಣ್ಣಿನ ಕೆಳಗೆ ಕಪ್ಪು, ಬೆಳಗಿನಿಂದ ಕಾರು ಓಡಿಸಿದ್ದಾರೆ, ಕಳಿಸಿಕೊಡೋಕೆ ಬಂದ್ರಾ, ಬಂದಿದ್ದು ಒಳ್ಳೇದಾಯ್ತು, ಅತ್ತೆಗೂ ಸಮಾಧಾನ ಅಂದರು, ನಾನು ಟ್ರಾಮಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯ, ನಿನ್ನೆ ನಾನು ವ್ಯಾಕರಣದ ತಪ್ಪು ಮಾಡಿದೆ ಎಂದು ಶುರುವಾಗುವ ನೀಟಾದ ವಾಕ್ಯ, ಅದು ಎಲ್ಲಿ ಬಿದ್ದುಹೋಯಿತೋ, ಮನೆಗೆ, ಅಂದೆ, ಮನೆಗೆ, ನನ್ನ ಜೊತೆ. ಅವರು ಹುಬ್ಬು ಗಂಟಿಕ್ಕಿದರು, ಆದರೆ ಫೋನಲ್ಲಿ ನೀವೇ ಅಂದ್ರಲ್ಲ, ನಿಮಗೆ ಮನಸ್ಸಿಲ್ಲ ತಾನೇ — ಸಿ. ಯಾರು ಅಂದದ್ದು, ನಾನೇ, ಸಿ, ಸಿ ಸಿ, ದಾರ ಕಡಿದ ಹಾಗೆ, ಕಾದು ಕೂರಲಿಲ್ಲ, ಹುಡುಕಲಿಲ್ಲ, ತಾನೇ ಬಂತು, ಹಜಾರದಲ್ಲೆಲ್ಲ ಕೇಳುವ ಹಾಗೆ, ಅತ್ತ ಕೂತಿದ್ದ ಮುದುಕನೊಬ್ಬ ತಿರುಗಿ ನೋಡಿದ, ಒಂಬತ್ತು ವರ್ಷ ಬೇಕಾಯಿತು ಅಮ್ಮ, ಕೇಳಿದೆಯಲ್ಲ ಎಷ್ಟು ದಿನ ಎಂದು. ಮೊಸ್ಯೂ ತಿಬೋ ನನ್ನನ್ನೂ ಕಾರನ್ನೂ ನೋಡಿ ತಲೆ ಕೆರೆದುಕೊಂಡರು, ನಂಗೆ ಈಗ ನಿಜವಾಗ್ಲೂ ಏನೂ ತಿಳೀತಿಲ್ಲ, ಅಲ್ಲಿ ಕೋಣೆ ಗೊತ್ತು ಮಾಡಿ ಆಗಿದೆ, ಆದ್ರೂ ಅವರನ್ನೇ ಕೇಳೋಣ, ಅವರು ಏನಂತಾರೋ ಅದೇ ಆಗ್ಲಿ, ಎಂದು ಗಾಲಿಕುರ್ಚಿಯ ಮುಂದೆ ಮಂಡಿಯೂರಿ ಅವರ ಕೈ ಹಿಡಿದುಕೊಂಡು ಜೋರಾಗಿ, ಬಿಡಿಬಿಡಿಯಾಗಿ ಕೇಳಿದರು, ಅತ್ತೇ, ಇವರ ಜೊತೆ ಮನೆಗೆ ಹೋಗೋ ಮನಸ್ಸು ನಿಮಗಿಲ್ಲ, ಅಲ್ವಾ? — ಬೇಡ, ಹಾಗೆ ಕೇಳಬೇಡಿ, ಇಲ್ಲ ಅಂತ ಕೇಳಬೇಡಿ, ಇದೆಯಾ ಅಂತ ಕೇಳಿ, ಎನ್ನುವಷ್ಟರಲ್ಲಿ ಮದಾಮ್ ತುಟಿ ನಡುಗಿತು, ಹುಡುಕಿತು, ನೋಂ ಅಂದರು.

ನೋಂ. ಸ್ಪಷ್ಟವಾಗಿ, ಗುರುವಾರ ಅಲ್ಲ, ನೋಂ. ಮೊಸ್ಯೂ ತಿಬೋ ಕಣ್ಣು ಮುಚ್ಚಿ ಉಸಿರು ಬಿಟ್ಟರು, ನೋಡಿದ್ರಲ್ಲ ಅಂದರು, ನೋಡಿದೆ, ಆದರೆ ಇದು ಯಾವ ನೋಂ, ಈ ಊರಿನವರ ನೋಂ ಆಗಿದ್ದರೆ ಮನಸ್ಸಿಲ್ಲ, ಮುಗಿಯಿತು, ಲಕ್ವ ಅಂದ ನೋಂ ಆಗಿದ್ದರೆ ಅದು ಏನು ಬೇಕಾದರೂ ಆಗಬಹುದು, ಪಾರಿವಾಳವೂ ಆಗಬಹುದು, ಅಥವಾ ನನ್ನದು, ಸೂಪಿನ ಮೇಜಿನಲ್ಲಿ ದಿನದಿನವೂ ತಿದ್ದಿ ತಿದ್ದಿ ಸೋತರಲ್ಲ ಆ ನೋಂ, ಇಲ್ಲ ಇಲ್ಲ, ಇದೆ, ಎಲ್ಲ ಮಾತೂ ಹೋದ ಮೇಲೆ ಅವರ ಬಾಯಲ್ಲಿ ನನ್ನ ತಪ್ಪೊಂದೇ ಉಳಿಯಿತೇ, ನಾನು ಅವರದು ಕಲಿತ ದಿನ ಅವರು ನನ್ನದು ಆಡಿದರೇ — ಮಾತು ನಂಬಬೇಡಿ, ಕಣ್ಣು ನೋಡಿ ಅಂದಿದ್ದಳು ಆ ಹುಡುಗಿ, ನೋಡುತ್ತೇನೆ, ಅವರ ಕಣ್ಣು ಮೊಸ್ಯೂ ತಿಬೋ ಮೇಲಿಲ್ಲ, ಕಾರಿನ ಮೇಲಿಲ್ಲ, ನನ್ನ ಬಾಯಿಯ ಮೇಲಿದೆ, ಮೊಸ್ಯೂ ತಿಬೋ ಏನೋ ಕೇಳುತ್ತಿದ್ದಾರೆ, ನೀವೇನಾದ್ರೂ ಹೇಳ್ತೀರಾ ಮದ್ಮುಆಜೆಲ್ ಅನ್ನುತ್ತಿದ್ದಾರೆ, ಮದಾಮ್ ತುಟಿ ಇನ್ನೂ ಮುಚ್ಚಿಲ್ಲ, ಸದ್ದು ಮುಗಿದರೂ ಮುಚ್ಚಿಲ್ಲ, ಸೂಪು ಊದುವ ಹಾಗೆ, ಅಡುಗೆಮನೆಯ ಮೇಜಿನಲ್ಲಿ ನನಗಾಗಿ ಕಾಯುತ್ತಿದ್ದ ಹಾಗೇ ಹಿಡಿದು, ನಾನು ಹೇಳಲಿ ಎಂದು, ಗುಂಡಗೆ, ಗುಂಡಗೆ ನಿಂತ ಬಾಯಿ